ಹೊರಗಿನ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ

ಡಿಸೆಂಬರ್ ರಜೆಗೆ ಅಮೆರಿಕದಿಂದ ಮೈಸೂರಿಗೆ ಬಂದಾಗಲೆಲ್ಲ ಸರಸ್ವತಿಪುರಂನ ನಮ್ಮ ಅಮ್ಮನ ಮನೆಗೆ ಯಾರಾದರೂ ಮಕ್ಕಳ ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡು ಬರುತ್ತಾರೆ. ಈ ಸಲ ಮಂಡ್ಯದಿಂದ ಚಿಕ್ಕಮ್ಮನ ಮಗ ಬಂದಿದ್ದ. ಜೂನ್‌ನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಡುತ್ತಿದ್ದಾನೆ. ಮಗಳು ಈಗ ಒಂಬತ್ತನೇ ಕ್ಲಾಸು. "ಅಕ್ಕಾ, ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಒಂದೆರಡು ಕೋರ್ಸ್ ಮುಗಿಸಿಬಿಟ್ಟರೆ ಅಲ್ಲಿ ಗ್ರೇಡ್ ಜಾಸ್ತಿ ಆಗುತ್ತೆ ಅಲ್ವಾ?" ಅಂದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಮ್ಮ ಕಡೆ ಎಲ್ಲರ ಕಣ್ಣೂ ಎಸ್ಸೆಸ್ಸೆಲ್ಸಿಯ ಮಾರ್ಕ್ಸ್ ಮೇಲೆ. ಒಂಬತ್ತನೇ ಕ್ಲಾಸನ್ನು ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ 9ರಿಂದ 12, ಅಷ್ಟೂ ಹೈಸ್ಕೂಲು. ನಾಲ್ಕೂ ವರ್ಷದ ಗ್ರೇಡು ಸ್ಕೂಲಿನ ಅಧಿಕೃತ ಅಂಕಪಟ್ಟಿಯಾದ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಬರುತ್ತದೆ. ಎ ಬಂದರೆ 4, ಬಿ ಬಂದರೆ 3, ಇವುಗಳ ಸರಾಸರಿಯೇ ಜಿಪಿಎ. ಆದ್ದರಿಂದ ಮೊದಲು ಒಂಬತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿಗೆ ಹೆಡ್‌ಮಾಸ್ಟರ್ ಸಹಿ, ಸ್ಕೂಲಿನ ಸೀಲು ಹಾಕಿಸಿಕೊಳ್ಳಿ. ಟಿಸಿ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಇನ್ನು ಆನ್‌ಲೈನ್ ತರಹದ, ಸ್ಕೂಲಿನ ಹೊರಗಿನ ಕೋರ್ಸು. ಅದನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ತೀರ್ಮಾನಿಸುವುದು ನಿಮ್ಮ ಸ್ಕೂಲು, ಅದರ ಡಿಸ್ಟ್ರಿಕ್ಟ್, ಅಂದರೆ ಆ ಕಡೆಯ ಸರ್ಕಾರಿ ಸ್ಕೂಲುಗಳನ್ನು ನಡೆಸುವ ಆಡಳಿತ. ಕೆಲವರು ಕ್ರೆಡಿಟ್ಟನ್ನೂ (ಹೈಸ್ಕೂಲು ಮುಗಿಸಲು ಬೇಕಾದ ಲೆಕ್ಕಕ್ಕೆ ಆ ಕೋರ್ಸು ಸೇರುವುದು) ಕೊಡುತ್ತಾರೆ, ಗ್ರೇಡನ್ನು ಜಿಪಿಎಗೂ ಸೇರಿಸುತ್ತಾರೆ. ಕೆಲವರು ಕ್ರೆಡಿಟ್ ಮಾತ್ರ ಕೊಡುತ್ತಾರೆ. ಇನ್ನು ಕೆಲವರು ಎರಡೂ ಕೊಡದೆ, ಮಗುವನ್ನು ಮುಂದಿನ ಕ್ಲಾಸಿಗೆ ಕೂರಿಸುತ್ತಾರೆ, ಅಷ್ಟೆ. ಪಕ್ಕದೂರಿನ ಗೆಳೆಯರ ಮಗನಿಗೆ ಆಯಿತು ಅಂತ ನಿಮ್ಮ ಮಗಳಿಗೂ ಆಗುತ್ತದೆ ಅಂದುಕೊಳ್ಳಬೇಡಿ.

ನಮ್ಮ ಮನೆಯಲ್ಲೇ ಇದು ಆಗಿದೆ. ಅಲ್ಲಿ ಆಲ್ಜೀಬ್ರಾ ಒಂದು ವರ್ಷ, ಜಾಮೆಟ್ರಿ ಒಂದು ವರ್ಷ ಅಂತ ಗಣಿತವನ್ನು ಬೇರೆ ಬೇರೆ ಮಾಡಿ ಕಲಿಸುವ ಸ್ಕೂಲುಗಳು ಜಾಸ್ತಿ. ಒಂದು ವರ್ಷ ಮುಂದೆ ಹೋಗಲಿ ಅಂತ ಮಗಳಿಗೆ ಬೇಸಿಗೆಯಲ್ಲಿ ಆನ್‌ಲೈನ್ ಜಾಮೆಟ್ರಿ ಹಾಕಿಸಿದೆ. ಆರು ವಾರ, ದಿನಾ ರಾತ್ರಿ ಊಟದ ಮೇಜಿನ ಮೇಲೆ ಸ್ಕೇಲು, ಕೈವಾರ. ಎ ಬಂತು. ಆಗಸ್ಟ್‌ನಲ್ಲಿ ಸರ್ಟಿಫಿಕೇಟ್ ತೆಗೆದುಕೊಂಡು ಸ್ಕೂಲಿನಲ್ಲಿ ಮಕ್ಕಳ ಕೋರ್ಸಿನ ವಿಷಯ ನೋಡಿಕೊಳ್ಳುವ ಕೌನ್ಸೆಲರ್ ಹತ್ತಿರ ಹೋದೆವು. ಆಕೆ ಅದನ್ನು ಪೂರ್ತಿ ಓದಿ, ಡ್ರಾಯರ್‌ನಿಂದ ಒಂದು ಹಳದಿ ಫಾರಂ ತೆಗೆದು ಮುಂದಿಟ್ಟರು. ಕೋರ್ಸ್ ಶುರುವಾಗುವ ಮುಂಚೆಯೇ ಅದಕ್ಕೆ ಸ್ಕೂಲಿನ ಸಹಿ ಬೇಕಿತ್ತು. ಕ್ರೆಡಿಟ್ ಸಿಗಲಿಲ್ಲ. ಅದೇ ಪಾಠಕ್ಕೆ ಅವಳು ಮತ್ತೆ ಒಂದು ವರ್ಷ ಕೂತಳು. ಮನೆಗೆ ಬರುವಾಗ ಕಾರಿನಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ಅದು ನನಗೆ ಇವತ್ತಿಗೂ ನೋವು.

ಅದಕ್ಕೇ ಹೇಳುವುದು, ಕೌನ್ಸೆಲರ್‌ಗೆ ಇಮೇಲ್ ಬರೆದು, ಉತ್ತರವನ್ನೂ ಇಮೇಲ್‌ನಲ್ಲೇ ಪಡೆಯಿರಿ. ಕ್ರೆಡಿಟ್ ಕೊಡುತ್ತೀರಾ, ಜಿಪಿಎಗೆ ಸೇರಿಸುತ್ತೀರಾ, ಮುಂದಿನ ಕ್ಲಾಸಿಗೆ ಕೂರಿಸುತ್ತೀರಾ, ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ಆನ್‌ಲೈನ್ ಸ್ಕೂಲಿಗೆ ಕಾಗ್ನಿಯಾ, ವಾಸ್ಕ್ ತರಹದ ಸಂಸ್ಥೆಯ ಮಾನ್ಯತೆ ಇದೆಯಾ ನೋಡಿ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಮನಸ್ಸಿನಲ್ಲಿದ್ದರೆ ಆ ಕೋರ್ಸು ಅವರು ಒಪ್ಪುವ ಹೈಸ್ಕೂಲ್ ಕೋರ್ಸುಗಳ 'ಎ-ಜಿ' ಪಟ್ಟಿಯಲ್ಲೂ ಇರಬೇಕು. ಖಾನ್ ಅಕಾಡೆಮಿ ಕಲಿಯೋಕೆ ತುಂಬಾ ಚೆನ್ನಾಗಿದೆ, ಆದರೆ ಅದು ಕ್ರೆಡಿಟ್ ಕೊಡುವುದಿಲ್ಲ. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಕಲಿಸುವ ಎಪಿ ಕ್ಲಾಸುಗಳಿವೆ; ಎಪಿ ಪರೀಕ್ಷೆಯ 1ರಿಂದ 5ರ ಸ್ಕೋರು ಕೂಡ ಜಿಪಿಎಗೆ ಸೇರುವುದಿಲ್ಲ. ಜಿಪಿಎಗೆ ಸೇರುವುದು ಎಪಿ ಕ್ಲಾಸಿನ ಗ್ರೇಡು.

ಹೈಸ್ಕೂಲಿನಲ್ಲಿದ್ದಾಗಲೇ ಕಮ್ಯುನಿಟಿ ಕಾಲೇಜಿನ (ಹೆಚ್ಚಾಗಿ ಎರಡು ವರ್ಷದ ಓದಿನ ಸ್ಥಳೀಯ ಸರ್ಕಾರಿ ಕಾಲೇಜು) ಕೋರ್ಸ್ ತೆಗೆದುಕೊಳ್ಳಬಹುದು. ಹುಷಾರಾಗಿ ತೆಗೆದುಕೊಳ್ಳಿ. ಅಲ್ಲಿ ಬಂದ ಸಿ ಆಗಲಿ ಡಿ ಆಗಲಿ, ಕಾಲೇಜಿನ ದಾಖಲೆಯಲ್ಲಿ ಉಳಿದುಬಿಡುತ್ತದೆ. ಹೈಸ್ಕೂಲಿನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಇಲ್ಲದಿದ್ದರೂ ಕಾಲೇಜಿಗೆ ಅರ್ಜಿ ಹಾಕುವಾಗ ಮುಚ್ಚಿಡುವ ಹಾಗಿಲ್ಲ. ಮಗುವಿಗೆ 15 ವರ್ಷವೇ ಆಗಿದ್ದರೂ ಕಾಲೇಜಿನವರು ಗ್ರೇಡಿನ ವಿಷಯ ಮಾತಾಡುವುದು ಮಗುವಿನ ಹತ್ತಿರವೇ. ನೀವು ಸುಮ್ನೆ ಫೋನ್ ಮಾಡಿ ಕೇಳಿದರೆ ಹೇಳುವುದಿಲ್ಲ.

ಕನ್ನಡ ಮೀಡಿಯಂನಲ್ಲಿ ಓದಿದ ಮಕ್ಕಳ ತಂದೆ ತಾಯಿಗೆ ಒಂದು ಒಳ್ಳೆಯ ಸುದ್ದಿ. ಆರನೇ ಕ್ಲಾಸು ಅಥವಾ ಅದರ ಮೇಲೆ ಎರಡು ವರ್ಷ ಕನ್ನಡದಲ್ಲೇ ಪಾಠ ಕಲಿತಿದ್ದರೆ, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಕೇಳುವ ಎರಡು ವರ್ಷದ ಎರಡನೇ ಭಾಷೆಗೆ ಅದೇ ಸಾಕಾಗುತ್ತದೆ. ಆ ವರ್ಷಗಳ ಮಾರ್ಕ್ಸ್ ಕಾರ್ಡನ್ನೂ ಜೋಪಾನವಾಗಿ ತನ್ನಿ.