ಎರಡು ಆಕ್ಸಲ್ ಮುರಿದ ಮೇಲೆ ಲೆಕ್ಕ ಹಾಕಿದೆ

ನನ್ನ ಕಾರಿನ ಹಿಂದಿನ ಚಕ್ರವನ್ನು ತಿರುಗಿಸುವ ಉಕ್ಕಿನ ದಂಡ, ಅಂದರೆ ಆಕ್ಸಲ್ ಶಾಫ್ಟ್, ಮೊದಲ ಸಲ ಮುರಿದಾಗ ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಟರ್ಬೊ ಬದಲಿಸಿ ಎಂಜಿನ್ನಿನ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, 420 ನ್ಯೂಟನ್ ಮೀಟರ್‌ಗೆ ಏರಿಸಿದ್ದೆ. ಕಂಪನಿಯ ಶಾಫ್ಟ್ ಅದನ್ನು ತಾಳಲಿಲ್ಲ ಅಂದರೆ ನನ್ನ ಕೈಗೆಲಸಕ್ಕೆ ಸರ್ಟಿಫಿಕೇಟ್ ಸಿಕ್ಕ ಹಾಗೆ ಅಂದುಕೊಂಡು, ಅದೇ ಅಳತೆಯ ಇನ್ನೊಂದನ್ನು ಹಾಕಿದೆ. ನಿಂತಲ್ಲಿಂದ ಜೋರಾಗಿ ಹೊರಡುವ ಮೂರನೇ ಲಾಂಚ್‌ಗೆ ಅದೂ ಹೋಯಿತು. ಎರಡು ಸಲವೂ ಬಲಗಡೆಯದೇ. ಎರಡು ಸಲವೂ, ತುದಿಯಲ್ಲಿ ಕಚ್ಚಿಕೊಳ್ಳಲು ಕೊರೆದ ಸ್ಪ್ಲೈನ್ ಹಲ್ಲು ಮುಗಿದು ನುಣುಪಾದ ದಂಡ ಶುರುವಾಗುವ ಜಾಗದಲ್ಲೇ.

ಮುರಿದ ತುಂಡನ್ನು ಗುಜರಿಗೆ ಎಸೆಯುವ ಮೊದಲು ಅದರ ಮುಖ ನೋಡಬೇಕು ಅನ್ನುವುದನ್ನು ಕಲಿತದ್ದು ಆಗ. ಸೀಮೆಸುಣ್ಣದ ಕಡ್ಡಿಯನ್ನು ತಿರುಚಿದರೆ ಓರೆಯಾಗಿ, ಸುರುಳಿ ಸುತ್ತಿದಂತೆ ಮುರಿಯುತ್ತದಲ್ಲ, ಅತಿಯಾಗಿ ಗಡಸಾದ ಉಕ್ಕು ಹಾಗೇ ಮುರಿಯುತ್ತದೆ. ದಿನ ದಿನದ ಹೊರೆಗೆ ದಣಿದು, ಬಿರುಕು ಬೆಳೆದು ಮುರಿದಿದ್ದರೆ ಅಲೆ ಹಿಂದೆ ಸರಿದ ಮರಳಿನ ಮೇಲಿನಂಥ ಗೆರೆಗಳು ಕಾಣುತ್ತವೆ. ನನ್ನದರಲ್ಲಿ ಎರಡೂ ಇರಲಿಲ್ಲ. ಚಾಕುವಿನಿಂದ ಕೊಯ್ದಂತೆ ಚಪ್ಪಟೆ ಮುಖ, ಪಕ್ಕದ ಹಲ್ಲುಗಳು ಹಗ್ಗದ ಹುರಿಯಂತೆ ತಿರುಚಿಕೊಂಡಿದ್ದವು. ಅಂದರೆ ಒಂದೇ ಹೊಡೆತ, ತಾಳಲಾರದಷ್ಟು ದೊಡ್ಡ ಹೊಡೆತ.

ಅದು ಬಂದದ್ದೆಲ್ಲಿಂದ? ಪೆನ್ಸಿಲ್ ಹಿಡಿದು ಕೂತೆ. 420ಕ್ಕೆ ಮೊದಲ ಗೇರಿನ ಅನುಪಾತ 3.3, ಚಕ್ರಕ್ಕೆ ಮುಂಚಿನ ಕೊನೆಯ ಗೇರ್ ಜೋಡಿಯಾದ ಫೈನಲ್ ಡ್ರೈವ್‌ನ 4.1 ಗುಣಿಸಿದರೆ ಸುಮಾರು 5,680. ಎರಡು ಚಕ್ರಕ್ಕೆ ಹಂಚಿದರೆ ಒಂದೊಂದು ಶಾಫ್ಟ್‌ಗೆ 2,840 ನ್ಯೂಟನ್ ಮೀಟರ್. ನೋಡಿ, ಇಷ್ಟಕ್ಕೇ ನಿಲ್ಲಿಸಿ ದಪ್ಪ ಶಾಫ್ಟ್ ತರಿಸುವವರೇ ಹೆಚ್ಚು. ಆದರೆ ಟೈರ್ ಅಷ್ಟನ್ನು ನೆಲಕ್ಕೆ ದಾಟಿಸಬಲ್ಲದೇ? ಹಿಂದಿನ ಒಂದು ಚಕ್ರದ ಮೇಲೆ 450 ಕೆಜಿ ಭಾರ, ಘರ್ಷಣೆಯ ಗುಣಾಂಕ 1.1, ಚಕ್ರದ ತ್ರಿಜ್ಯ 0.31 ಮೀಟರ್ ಅಂತ ಹಿಡಿದರೆ 1,500ರ ಆಸುಪಾಸಿಗೇ ಟೈರ್ ಜಾರುತ್ತದೆ. 28 ಮಿಲಿಮೀಟರ್ ದಪ್ಪದ ಕಂಪನಿ ಶಾಫ್ಟ್‌ಗೆ ಅದೇನೂ ದೊಡ್ಡ ಹೊರೆಯಲ್ಲ. ಹಾಗಾದರೆ ನನ್ನ ಟರ್ಬೊಗೆ ಸಿಕ್ಕ ಸರ್ಟಿಫಿಕೇಟ್ ಸುಳ್ಳು!

ಹಿಂದಿನ ಚಕ್ರದ ಎದುರು ಕ್ಯಾಮೆರಾ ಕಟ್ಟಿ ಒಂದು ಲಾಂಚ್ ಮಾಡಿದೆ, ಕ್ಲಚ್ಚನ್ನು ಮೆತ್ತಗೆ ಬಿಟ್ಟೇ. ನಿಧಾನಗತಿಯಲ್ಲಿ ನೋಡಿದಾಗ ಬಲಗಡೆಯ ಚಕ್ರ ಚೆಂಡಿನಂತೆ ಪುಟಿಯುತ್ತಿತ್ತು. ಇದೇ ವೀಲ್ ಹಾಪ್. ಚಕ್ರ ನೆಲ ಬಿಟ್ಟ ಕ್ಷಣ ಹಗುರಾಗಿ ಜೋರು ತಿರುಗುತ್ತದೆ, ಇಳಿದ ಕ್ಷಣ ಟೈರ್ ಕಚ್ಚಿ ಹಿಡಿಯುತ್ತದೆ. ತಿರುಗುತ್ತಿದ್ದ ಚಕ್ರ, ಎರಡು ಚಕ್ರಕ್ಕೆ ಬಲ ಹಂಚುವ ಡಿಫರೆನ್ಷಿಯಲ್, ಎಂಜಿನ್ನಿನ ಭಾರದ ಫ್ಲೈವೀಲ್ ಎಲ್ಲದರ ಓಘವೂ ಶಾಫ್ಟ್‌ನ ಮೇಲೆ ಬೀಳುತ್ತದೆ, ಒಂದು ಸೆಕೆಂಡಿಗೆ ಹಲವು ಬಾರಿ. ಡಿಫರೆನ್ಷಿಯಲ್ಲನ್ನು ಹೊತ್ತ ಚೌಕಟ್ಟಾದ ಹಿಂದಿನ ಸಬ್‌ಫ್ರೇಮ್‌ನ ರಬ್ಬರ್ ಮೆತ್ತೆಗಳನ್ನು, ಅಂದರೆ ಬುಷ್‌ಗಳನ್ನು, ಬಿಚ್ಚಿದರೆ ಬಲಗಡೆಯವೆರಡೂ ಹರಿದಿದ್ದವು. ರಬ್ಬರಿಗಿಂತ ಗಟ್ಟಿಯಾದ ಪಾಲಿಯುರೆಥೇನ್ ಬುಷ್ ಹಾಕಿ, ಪುಟಿತ ತಡೆಯುವ ಡ್ಯಾಂಪರ್ ಬಿಗಿ ಮಾಡಿದ ಮೇಲೆ, ಅದೇ ಹಳೆಯ ಅಳತೆಯ ಮೂರನೇ ಶಾಫ್ಟ್ ಒಂದು ಇಡೀ ಸೀಸನ್ ಬಾಳಿತು.

ದಪ್ಪ ಶಾಫ್ಟ್ ಬೇಕಾದದ್ದು ಆಮೇಲೆ, ರೇಸ್ ಟೈರಿನಂಥ ಸೆಮಿ ಸ್ಲಿಕ್ ಟೈರ್‌ಗೆ ಹೋದಾಗ. ಹಿಡಿತ ಹೆಚ್ಚಾದರೆ ಶಾಫ್ಟ್‌ನ ಹೊರೆಯೂ ಹೆಚ್ಚು. ತಿರುಚನ್ನು ತಾಳುವ ಶಕ್ತಿಗೆ ವ್ಯಾಸದ ಘನ ಲೆಕ್ಕ: 28ರಿಂದ 32 ಮಿಲಿಮೀಟರ್‌ಗೆ ಹೋದರೆ ನಾಲ್ಕೇ ಮಿಲಿಮೀಟರ್, ಆದರೆ ಶಕ್ತಿ ಸುಮಾರು ಒಂದೂವರೆ ಪಟ್ಟು. ಆರಿಸಿದ್ದು 300ಎಂ ಉಕ್ಕು. 4340 ಎಂಬ ಮಿಶ್ರ ಉಕ್ಕಿಗೆ ಸಿಲಿಕಾನ್, ವನೇಡಿಯಂ ಸೇರಿಸಿ ಮಾಡುವ ಇದು ವಿಮಾನದ ಲ್ಯಾಂಡಿಂಗ್ ಗೇರ್‌ಗೆ ಬಳಸುವ ಸರಕು. ಗಟ್ಟಿ, ಆದರೆ ಗೀರು ಸಹಿಸುವುದಿಲ್ಲ. ವೈಸ್‌ನ ಹಲ್ಲಿಗೆ ಬರಿದಾಗಿ ಕಚ್ಚಿಸಿದರೆ ಆ ಗುರುತಿನಿಂದಲೇ ಬಿರುಕು ಹುಟ್ಟೀತು. ಮಧ್ಯದ ದಂಡ ಸ್ಪ್ಲೈನ್ ಹಲ್ಲಿನ ಬುಡಕ್ಕಿಂತ ಕೊಂಚ ಸಣ್ಣಗಿರುವುದನ್ನು ನೋಡಿ ಮೋಸ ಹೋದೆನೇನೋ ಅನ್ನಿಸಿತ್ತು. ಅದು ಬೇಕೆಂದೇ ಮಾಡಿದ್ದು. ತಿರುಚು ಹಲ್ಲಿನ ಬುಡದಲ್ಲಿ ಗುಡ್ಡೆಯಾಗದೆ ಉದ್ದಕ್ಕೂ ಹರಡುತ್ತದೆ. ಇನ್ನೂ ದಪ್ಪದ್ದು ಸಿಗುತ್ತಿತ್ತು, ಬೇಡವೆಂದೆ. ಆಗ ಮುರಿಯುವುದು ಡಿಫರೆನ್ಷಿಯಲ್‌ನ ಹಲ್ಲು. ಶಾಫ್ಟ್ ಬದಲಿಸಲು ಅರ್ಧ ದಿನ ಸಾಕು, ಅದಕ್ಕೆ ವಾರ ಬೇಕು.

ಆರ್ಡರ್ ಕೊಡುವ ಮೊದಲು ಸ್ಪ್ರಿಂಗ್ ತೆಗೆದು, ಜ್ಯಾಕ್‌ನಿಂದ ಚಕ್ರವನ್ನು ತೀರಾ ಕೆಳಗಿನಿಂದ ತೀರಾ ಮೇಲಿನವರೆಗೆ ಎತ್ತಿ, ಶಾಫ್ಟ್‌ನ ಕೋನ ಬದಲಾದರೂ ತಿರುಗಲು ಬಿಡುವ ಕೀಲಾದ ಒಳಗಿನ ಸಿವಿ ಜಾಯಿಂಟ್ ಎಷ್ಟು ಒಳ ಹೊರ ಸರಿಯುತ್ತದೆಂದು ಅಳೆದೆ. ಕಾರು ತಗ್ಗಿಸಿದ್ದರಿಂದ ಒಂದು ಹಂತದಲ್ಲಿ ಎರಡೇ ಮಿಲಿಮೀಟರ್ ಜಾಗ ಉಳಿದಿತ್ತು. ಹೊಸದನ್ನು ನಾಲ್ಕು ಮಿಲಿಮೀಟರ್ ಗಿಡ್ಡ ಮಾಡಿಸಿದೆ. ಇಷ್ಟೆಲ್ಲ ಜಾಣತನ ತೋರಿಸಿ, ಶಾಫ್ಟ್ ಬಿಚ್ಚಿಟ್ಟ ಕಾರನ್ನು ಹಾಗೇ ನಾಲ್ಕು ಅಡಿ ತಳ್ಳಿ ವೀಲ್ ಬೇರಿಂಗ್ ಹಾಳು ಮಾಡಿದವನೂ ನಾನೇ. ಚಕ್ರ ಕೂರುವ ಆ ಹಬ್‌ನಲ್ಲಿ ಬೇರಿಂಗನ್ನು ಬಿಗಿದು ಹಿಡಿದಿರುವುದು ಆಕ್ಸಲ್ ನಟ್. ಅದಿಲ್ಲದೆ ಕಾರಿನ ಭಾರ ಬೀಳಬಾರದು.

ಗೇರ್‌ಬಾಕ್ಸ್‌ನಿಂದ ಹಿಂದಿನ ಡಿಫರೆನ್ಷಿಯಲ್‌ಗೆ ಬಲ ಒಯ್ಯುವ ಕೊಳವೆಯಾದ ಪ್ರೊಪೆಲ್ಲರ್ ಶಾಫ್ಟ್‌ನ ಕಥೆ ಬೇರೆ. ಎರಡು ತುಂಡಿನದನ್ನು ತೆಗೆದು ಅಲ್ಯೂಮಿನಿಯಂನ ಒಂದೇ ತುಂಡಿನದು ಹಾಕಿದೆ. ಅದೇ ಕೊಳವೆಯ ಉದ್ದ ಎರಡು ಪಟ್ಟಾದರೆ ಅದು ಬಿಲ್ಲಿನಂತೆ ಬಾಗಿ ಕುಣಿಯುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಕೊಳವೆ ದಪ್ಪಗಿರಬೇಕು, ಹಗುರಾಗಿರಬೇಕು. ಐದನೇ ಗೇರ್ 0.82 ಇದ್ದರೆ ಎಂಜಿನ್ ನಿಮಿಷಕ್ಕೆ 6,500 ಸುತ್ತಿಗೆ ಶಾಫ್ಟ್ 7,900 ದಾಟುತ್ತದೆ, ಲೆಕ್ಕ ಅದಕ್ಕೇ ಹಾಕಬೇಕು. ಶಾಫ್ಟ್ ಕಳಚಿದರೆ ಹಿಡಿದಿಡುವ ಉಕ್ಕಿನ ಸೇಫ್ಟಿ ಲೂಪ್ ಕೆಳಗೆ ಹಾಕದೆ ಟ್ರ್ಯಾಕ್‌ಗೆ ಇಳಿಯಲಿಲ್ಲ. ಆದರೂ 110 ಕಿಮೀ ವೇಗದಲ್ಲಿ ಸೀಟಿನಡಿ ಜುಮ್ಮೆನ್ನುವ ನಡುಕ. ಎರಡು ಸಲ ಬ್ಯಾಲೆನ್ಸ್ ಮಾಡಿಸಿದೆ, ಹೋಗಲಿಲ್ಲ. ಕೊನೆಗೆ ಕೋನ ಅಳೆದರೆ ಮುಂದಿನ ತುದಿಯ ಕೀಲು, ಅಂದರೆ ಯು ಜಾಯಿಂಟ್, 3.5 ಡಿಗ್ರಿ, ಹಿಂದಿನದು 1. ಎರಡೂ ಸಮನಾಗಿದ್ದರೆ ಒಂದರಲ್ಲಿ ಹುಟ್ಟುವ ತಿರುಗು ವೇಗದ ಏರಿಳಿತವನ್ನು ಇನ್ನೊಂದು ನುಂಗುತ್ತದೆ. ಅದನ್ನು ಕೆಡಿಸಿದ್ದು ನಾನೇ ಹಾಕಿದ ಹೊಸ ಬುಷ್‌ಗಳು. ಸಬ್‌ಫ್ರೇಮ್ ಮೇಲೇರಿ ಡಿಫರೆನ್ಷಿಯಲ್‌ನ ಮೂತಿ ಎತ್ತಿಕೊಂಡಿತ್ತು. ಗೇರ್‌ಬಾಕ್ಸ್ ಮೌಂಟ್‌ಗೂ ಡಿಫರೆನ್ಷಿಯಲ್ ಮೌಂಟ್‌ಗೂ ಶಿಮ್ ಎಂಬ ತೆಳು ತಗಡು ಕೊಟ್ಟು ಎರಡನ್ನೂ 2 ಡಿಗ್ರಿಗೆ ತಂದೆ, ನಡುಕ ನಿಂತಿತು.

ಹೊಸ ಆಕ್ಸಲ್‌ಗಳ ಮೇಲೆ ತುದಿಯಿಂದ ತುದಿಗೆ ಬಿಳಿ ಪೇಂಟಿನ ನೇರ ಗೆರೆ ಎಳೆದಿದ್ದೇನೆ, ದಂಡ ತಿರುಚಿಕೊಂಡರೆ ಗೆರೆಯೂ ವಾಲುತ್ತದೆ. ಪ್ರತಿ ಟ್ರ್ಯಾಕ್ ದಿನದ ನಂತರ ಕಾರು ಎತ್ತಿ ಟಾರ್ಚ್ ಬಿಟ್ಟು ನೋಡುತ್ತೇನೆ. ಎಡಗಡೆಯದು ಇನ್ನೂ ನೇರವಾಗಿದೆ. ಬಲಗಡೆಯದು ಹೊರತುದಿಯ ಹತ್ತಿರ ಒಂದು ಮಿಲಿಮೀಟರ್‌ನಷ್ಟು ವಾಲಿದೆ. ಮುಂದಿನ ಸೀಸನ್‌ಗೆ ಅದನ್ನು ಹಾಕುವುದಿಲ್ಲ.