ನಿಮ್ಮ ಜಿಲ್ಲೆಗೆ ವಯಸ್ಸಾಗುತ್ತಿದೆಯೇ? ಜನಸಂಖ್ಯಾ ತಜ್ಞರಂತೆ ಲೆಕ್ಕ ಹಾಕುವ ಬಗೆ

ಒಂದು ಜಿಲ್ಲೆಯಲ್ಲಿ ಹಿರಿಯರ ಪಾಲು ಏಕೆ ಏರುತ್ತಿದೆ, ಅದರಿಂದ ಅಲ್ಲಿನ ದುಡಿಮೆಗೂ ಖರ್ಚಿಗೂ ಏನಾಗುತ್ತದೆ ಎಂಬುದನ್ನು ಜನಸಂಖ್ಯಾ ತಜ್ಞರು ಲೆಕ್ಕ ಹಾಕುವ ರೀತಿಯನ್ನು ವರದಿಗಾರರೂ ಪಂಚಾಯಿತಿ ಸದಸ್ಯರೂ ವಿದ್ಯಾರ್ಥಿಗಳೂ ಕಲಿಯಬಹುದು.

ಮೊದಲು 2011ರ ಜನಗಣತಿಯ ಸಿ-14 ಕೋಷ್ಟಕದಲ್ಲಿ ನಿಮ್ಮ ಜಿಲ್ಲೆಯ ಅಂಕಿಗಳನ್ನು ತೆಗೆದುಕೊಳ್ಳಿ. ಅಲ್ಲಿ ಜನರನ್ನು ಐದೈದು ವರ್ಷಗಳ ಗುಂಪುಗಳಾಗಿ ವಿಂಗಡಿಸಲಾಗಿದೆ. 60 ತುಂಬಿದವರ ಸಂಖ್ಯೆಯನ್ನು ಒಟ್ಟು ಜನಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಹಿರಿಯರ ಪಾಲು ಸಿಗುತ್ತದೆ. ಅದೇ ಸಂಖ್ಯೆಯನ್ನು 15ರಿಂದ 59 ವರ್ಷದವರ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ವೃದ್ಧಾಪ್ಯ ಅವಲಂಬನೆ ಅನುಪಾತ ದೊರೆಯುತ್ತದೆ. ಆ ವರ್ಷ ಹಿರಿಯರ ಪಾಲು ಭಾರತದಲ್ಲಿ ಶೇ 8.6, ಕರ್ನಾಟಕದಲ್ಲಿ ಶೇ 9.5, ಕೇರಳದಲ್ಲಿ ಶೇ 12.6 ಇತ್ತು. ದೇಶದ ವೃದ್ಧಾಪ್ಯ ಅವಲಂಬನೆ ಅನುಪಾತ ಸುಮಾರು 14, ಅಂದರೆ ದುಡಿಯುವ ವಯಸ್ಸಿನ ಪ್ರತಿ 100 ಜನರಿಗೆ 14 ಹಿರಿಯರು.

ಇಷ್ಟಕ್ಕೇ ತೀರ್ಮಾನಕ್ಕೆ ಬರಬೇಡಿ. ಗಣತಿದಾರರು ವಯಸ್ಸು ಕೇಳಿದಾಗ “ಗಾಂಧಿ ತೀರಿಕೊಂಡಾಗ ನಾನು ಕೈಗೂಸಂತೆ” ಎನ್ನುವ ಅಜ್ಜಿಗೆ 2011ರಲ್ಲಿ 63ರ ಆಸುಪಾಸು. ಆದರೆ ಹಾಳೆಯಲ್ಲಿ 60 ಅಥವಾ 65 ಎಂದು ಬರೆದುಬಿಡುವುದೇ ಹೆಚ್ಚು. ಒಂದೊಂದು ವಯಸ್ಸನ್ನೂ ಬೇರೆಯಾಗಿ ಕೊಡುವ ಸಿ-13 ಕೋಷ್ಟಕದಲ್ಲಿ ಸೊನ್ನೆ ಮತ್ತು ಐದರಿಂದ ಕೊನೆಯಾಗುವ ವಯಸ್ಸುಗಳಲ್ಲಿ ಜನ ಗುಂಪುಗೂಡಿರುವುದನ್ನು ಕಣ್ಣಾರೆ ನೋಡಬಹುದು. ಆದ್ದರಿಂದ ದಶಮಾಂಶದ ಸಣ್ಣ ವ್ಯತ್ಯಾಸ ಹಿಡಿದು ಒಂದು ಜಿಲ್ಲೆಗೆ ಇನ್ನೊಂದಕ್ಕಿಂತ ಹೆಚ್ಚು ವಯಸ್ಸಾಗಿದೆ ಎನ್ನುವುದು ಸರಿಯಲ್ಲ.

ಮುಂದಿನದು ಕಾರಣ ಹುಡುಕುವ ಕೆಲಸ, ನನ್ನ ಮಟ್ಟಿಗೆ ಇದೇ ಮುಖ್ಯವಾದದ್ದು. ಹಿರಿಯರ ಪಾಲು ಏರುವುದು ಆಯಸ್ಸು ಹೆಚ್ಚಿದ್ದರಿಂದ ಮಾತ್ರವಲ್ಲ, ಹೆರಿಗೆಗಳು ಕಡಿಮೆಯಾದಾಗಲೂ ಹರೆಯದವರು ಊರು ಬಿಟ್ಟಾಗಲೂ ಏರುತ್ತದೆ. ಊರು ಬಿಟ್ಟವರ ಸುಳಿವು ಸಿಗಲು ಎರಡು ಜನಗಣತಿಗಳನ್ನು ಹೋಲಿಸಿ. 2001ರಲ್ಲಿ 10ರಿಂದ 19 ವರ್ಷದವರಾಗಿದ್ದವರು 2011ರಲ್ಲಿ 20ರಿಂದ 29ರ ಗುಂಪಿನಲ್ಲಿರಬೇಕು. ಈ ವಯಸ್ಸಿನಲ್ಲಿ ಸಾವು ಕಡಿಮೆಯಾದ್ದರಿಂದ, ಸಂಖ್ಯೆ ಬಹಳ ಕುಸಿದಿದ್ದರೆ ಅವರು ಬೆಂಗಳೂರು, ಮುಂಬೈ ಅಥವಾ ಕೊಲ್ಲಿ ದೇಶಗಳಿಗೆ ಹೋಗಿರುವ ಸಂಭವವೇ ಹೆಚ್ಚು. ಆಗ ಅವರು ಮನೆಗೆ ಕಳಿಸುವ ಹಣವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅವಲಂಬನೆ ಅನುಪಾತ 60 ದಾಟಿದವರೆಲ್ಲರನ್ನೂ ಇತರರ ದುಡಿಮೆಯ ಮೇಲೆ ಬದುಕುವವರೆಂದು ಎಣಿಸುತ್ತದೆ. ಪಿಂಚಣಿಯಿಲ್ಲದ ರೈತರು, ಕೂಲಿಕಾರರು, ಬೀಡಿ ಕಟ್ಟುವ ಹೆಂಗಸರು 60ಕ್ಕೆ ಕೈಕಟ್ಟಿ ಕೂರುವುದಿಲ್ಲ. ಮೊಮ್ಮಗುವನ್ನು ಅಜ್ಜಿ ನೋಡಿಕೊಳ್ಳುವುದರಿಂದಲೇ ಸೊಸೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಲು ಸಾಧ್ಯವಾದರೂ ಅಜ್ಜಿಯ ಕೆಲಸಕ್ಕೆ ಸೂತ್ರದಲ್ಲಿ ಜಾಗವಿಲ್ಲ. ಈ ಕೊರತೆಯನ್ನು ನೀಗಲು ಅರ್ಥಶಾಸ್ತ್ರಜ್ಞರಾದ ರೊನಾಲ್ಡ್ ಲೀ ಮತ್ತು ಆಂಡ್ರ್ಯೂ ಮೇಸನ್ ಮುನ್ನಡೆಸಿದ ರಾಷ್ಟ್ರೀಯ ವರ್ಗಾವಣೆ ಲೆಕ್ಕಗಳ ವಿಧಾನವು ಪ್ರತಿ ವಯಸ್ಸಿನವರು ಗಳಿಸುವುದೆಷ್ಟು, ಬಳಸುವುದೆಷ್ಟು, ನಡುವಿನ ಅಂತರವನ್ನು ಕುಟುಂಬ, ಸರ್ಕಾರ, ಆಸ್ತಿ ಹೇಗೆ ತುಂಬುತ್ತವೆ ಎಂದು ನೋಡುತ್ತದೆ. ಕೂಲಿಯಿಲ್ಲದ ಆರೈಕೆಯನ್ನು ಅದರಲ್ಲಿಯೂ ಪ್ರತ್ಯೇಕವಾಗಿಯೇ ಅಂದಾಜಿಸಬೇಕು. ಜಿಲ್ಲೆಯ ಮಟ್ಟದಲ್ಲಿ ಅಷ್ಟು ವಿವರ ಸಿಗದಿದ್ದರೆ, ಜನಗಣತಿಯ ಕೆಲಸಗಾರರ ಕೋಷ್ಟಕಗಳಿಂದ 60 ದಾಟಿಯೂ ದುಡಿಯುವವರನ್ನು ಗಂಡು, ಹೆಣ್ಣು ಬೇರೆಬೇರೆಯಾಗಿ ತೆಗೆದು ಅನುಪಾತದ ಪಕ್ಕದಲ್ಲಿ ಬರೆಯಿರಿ. ಭಾರತದಲ್ಲಿ ವಯಸ್ಸಾಗುವಿಕೆಯನ್ನು ಅಧ್ಯಯನ ಮಾಡುವ 2017-18ರ ‘ಲಾಸಿ’ ಸಮೀಕ್ಷೆಯಲ್ಲಿ 45 ತುಂಬಿದವರು ಮತ್ತು ಅವರ ಸಂಗಾತಿಗಳು ಸೇರಿ ಸುಮಾರು 72,000 ಜನರ ಆರೋಗ್ಯ, ದುಡಿಮೆ, ಕುಟುಂಬದ ವಿವರಗಳಿದ್ದು, ರಾಜ್ಯದ ಚಿತ್ರಕ್ಕೆ ಅದು ಸಾಕಾಗುತ್ತದೆ.

ಪಿಂಚಣಿ ವೆಚ್ಚವನ್ನು ಅಂದಾಜಿಸುವಾಗ ವಯಸ್ಸಿನ ಗೆರೆ ಬದಲಾಗುತ್ತದೆ. ಸಂಧ್ಯಾ ಸುರಕ್ಷಾ ಯೋಜನೆಗೆ 65 ತುಂಬಿರಬೇಕು. ಕೇಂದ್ರದ ವೃದ್ಧಾಪ್ಯ ಪಿಂಚಣಿಯ ಪಾಲು 60ರಿಂದ 79ರವರೆಗೆ ತಿಂಗಳಿಗೆ 200 ರೂಪಾಯಿ, 80ರ ನಂತರ 500 ರೂಪಾಯಿ. ಹೀಗಾಗಿ 60–64, 65–79, 80 ಮತ್ತು ಮೇಲ್ಪಟ್ಟವರು ಎಂದು ಮೂರು ಸಾಲು ಮಾಡಿಕೊಂಡು, ಮುಂದಿನ ಜನಗಣತಿಯ ಅಂಕಿಗಳಿಗೆಂದು ಪ್ರತಿ ಸಾಲಿನಲ್ಲಿಯೂ ಒಂದು ಖಾಲಿ ಮನೆ ಬಿಟ್ಟಿರಿ.