ಚೌಕಿಯ ದಿನ: ಅಗಸ್ಟಾದಲ್ಲಿ ಗಾಲ್ಫ್ ತಾಲೀಮು ನೋಡಲು ಹೊರಟವರಿಗೆ

ನಮ್ಮ ತೀರ್ಥಹಳ್ಳಿಯ ಕಡೆ ಯಕ್ಷಗಾನ ಮೇಳ ಬಂದಾಗ, ಆಟ ಶುರುವಾಗುವ ಮೊದಲೇ ಹೋಗಿ ಚೌಕಿಯ ಬಾಗಿಲಲ್ಲಿ ನಿಲ್ಲುವವರು ಕೆಲವರು ಇದ್ದೇ ಇರುತ್ತಾರೆ. ವೇಷಧಾರಿ ಕನ್ನಡಿ ಹಿಡಿದು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುವುದನ್ನೂ ಗೆಜ್ಜೆ ಕಟ್ಟಿಕೊಳ್ಳುವುದನ್ನೂ ಹತ್ತಿರದಿಂದ ಕಂಡವರು ಆಮೇಲೆ ರಂಗಸ್ಥಳದ ಆಟವನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ದೊಡ್ಡ ಗಾಲ್ಫ್ ಪಂದ್ಯಾವಳಿಯ ತಾಲೀಮಿನ ದಿನವೂ ಅಂಥದ್ದೇ ಒಂದು ಚೌಕಿ. ಅಮೆರಿಕದ ಜಾರ್ಜಿಯಾ ರಾಜ್ಯದ ಅಗಸ್ಟಾ ನ್ಯಾಷನಲ್ ಮೈದಾನದಲ್ಲಿ 1934ರಿಂದ ನಡೆದುಬಂದಿರುವ ಮಾಸ್ಟರ್ಸ್ ಪಂದ್ಯಾವಳಿಯ ತಾಲೀಮನ್ನು ನಾನೂ ನನ್ನ ಪತ್ನಿಯೂ ನೋಡಿಬಂದೆವು. ಮಕ್ಕಳನ್ನು ನೋಡಲೆಂದು ಅಮೆರಿಕಕ್ಕೆ ಹೋಗುವ ಮಲೆನಾಡಿನ ತಂದೆತಾಯಿಯರು ಈಗ ಊರಿಗೆ ಹತ್ತು ಮನೆಯಷ್ಟಾದರೂ ಇರುವುದರಿಂದ, ಏಪ್ರಿಲ್ ತಿಂಗಳಲ್ಲಿ ಅತ್ತ ಹೋಗುವವರಿಗೆ ಅನುಕೂಲವಾಗಲೆಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಪಂದ್ಯ ಗುರುವಾರದಿಂದ ಭಾನುವಾರದವರೆಗೆ ನಡೆಯುತ್ತದೆ. ಅದೇ ವಾರದ ಸೋಮವಾರ, ಮಂಗಳವಾರ ಮತ್ತು ಬುಧವಾರ ತಾಲೀಮಿನ ದಿನಗಳು. ಈ ಮೂರು ದಿನಗಳ ಟಿಕೆಟ್ಟು ಕೌಂಟರಿನಲ್ಲಿ ಸಿಗುವುದಿಲ್ಲ. ಹಿಂದಿನ ವರ್ಷದ ಜೂನ್ ತಿಂಗಳಲ್ಲಿ, ನಮ್ಮಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ, ಮಾಸ್ಟರ್ಸ್‌ನ ಅಧಿಕೃತ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಆ ತಿಂಗಳ 20ಕ್ಕೆ ಅರ್ಜಿಯ ಅವಧಿ ಮುಗಿಯುತ್ತದೆ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು, ಒಬ್ಬರು ಒಂದೇ ಅರ್ಜಿ ಹಾಕಬೇಕು, ಮತ್ತು ತಾಲೀಮಿನ ದಿನಕ್ಕೆ ಒಂದು ಅರ್ಜಿಯಲ್ಲಿ ನಾಲ್ಕು ಟಿಕೆಟ್ಟುಗಳವರೆಗೆ ಕೇಳಬಹುದು. ಅರ್ಜಿಗೆ ಹಣ ಕಟ್ಟಬೇಕಾಗಿಲ್ಲ. ಚೀಟಿ ಎತ್ತಿದಂತೆ ಹೆಸರುಗಳನ್ನು ಆರಿಸಿ, ಹೆಸರು ಬಂದವರಿಂದ ಮಾತ್ರ ಹಣ ಪಡೆಯುತ್ತಾರೆ. ನಮ್ಮ ಮಗಳು ಹಲವು ವರ್ಷ ಬಿಡದೆ ಅರ್ಜಿ ಹಾಕಿದ ಮೇಲೆ ನಮ್ಮ ಸರದಿ ಬಂತು. ಆದ್ದರಿಂದ ಒಂದು ಸಲ ಸಿಗಲಿಲ್ಲವೆಂದು ಕೈಬಿಡಬೇಡಿ. ಹಾಗೆಂದು ಮಧ್ಯವರ್ತಿಗಳಿಂದ ದುಬಾರಿ ಬೆಲೆಗೆ ಕೊಳ್ಳುವುದಕ್ಕೂ ಹೋಗಬೇಡಿ. ಅನಧಿಕೃತವಾಗಿ ಮಾರಿದ ಟಿಕೆಟ್ಟನ್ನು ರದ್ದುಪಡಿಸುವ ಹಕ್ಕು ಸಂಘಟಕರಿಗಿದೆ, ಅಷ್ಟು ದೂರ ಹೋಗಿ ಗೇಟಿನಿಂದ ಹಿಂದಿರುಗುವ ಸಂಕಟ ಯಾರಿಗೂ ಬೇಡ.

ವೀಸಾ ಸಂದರ್ಶನದ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುವುದರಿಂದ ಟಿಕೆಟ್ಟು ಖಚಿತವಾದ ಕೂಡಲೇ ಆ ಕೆಲಸ ಹಿಡಿಯಬೇಕು. ಅಟ್ಲಾಂಟಾದಿಂದ ಅಗಸ್ಟಾಕ್ಕೆ ಸುಮಾರು 230 ಕಿಲೋಮೀಟರ್, ಅಂದರೆ ಶಿವಮೊಗ್ಗದಿಂದ ಬೆಂಗಳೂರಿಗಿಂತ ಕಡಿಮೆ. ನೇರ ಹೆದ್ದಾರಿಯಲ್ಲಿ ಎರಡೂವರೆ ಗಂಟೆಯ ದಾರಿ. ಆ ವಾರ ಅಗಸ್ಟಾದಲ್ಲಿ ಕೋಣೆಯ ಬಾಡಿಗೆ ವಿಪರೀತ ಏರುತ್ತದೆ. ಮಕ್ಕಳ ಮನೆ ಅಟ್ಲಾಂಟಾದ ಸುತ್ತಮುತ್ತ ಇದ್ದರೆ ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಗೇಟು ತೆರೆಯುವ ಹೊತ್ತಿಗೆ ತಲುಪುವುದೇ ಒಳ್ಳೆಯದು. ವಾಹನ ನಿಲ್ಲಿಸಲು ದುಡ್ಡು ಕೊಡಬೇಕಾಗಿಲ್ಲ.

ಮೂರರಲ್ಲಿ ಯಾವ ದಿನ ಎಂಬ ಪ್ರಶ್ನೆಗೆ ನನ್ನ ಉತ್ತರ ಸೋಮವಾರ ಅಥವಾ ಮಂಗಳವಾರ. ಬುಧವಾರ ಮಧ್ಯಾಹ್ನ ಪಕ್ಕದ ಒಂಬತ್ತು ಹೋಲ್‌ಗಳ ಪುಟ್ಟ ಮೈದಾನದಲ್ಲಿ ಪಾರ್-3 ಸ್ಪರ್ಧೆ ನಡೆಯುತ್ತದೆ. ಹೋಲ್ ಎಂದರೆ ಮೊದಲ ಹೊಡೆತದ ಜಾಗದಿಂದ ಚೆಂಡು ಬೀಳಬೇಕಾದ ಕುಳಿಯವರೆಗಿನ ಒಂದು ಅಂಕಣ, ಪಾರ್-3 ಎಂದರೆ ಅದನ್ನು ಮೂರು ಹೊಡೆತದಲ್ಲಿ ಮುಗಿಸಬೇಕೆಂಬ ಲೆಕ್ಕ. 1960ರಿಂದ ನಡೆದುಬಂದ ಈ ಸ್ಪರ್ಧೆಯಲ್ಲಿ ಆಟಗಾರರ ಪುಟ್ಟ ಮಕ್ಕಳು ಬಿಳಿ ಉಡುಪು ತೊಟ್ಟು ಅಪ್ಪನ ಜೊತೆ ಕ್ಯಾಡಿಗಳಾಗಿ, ಅಂದರೆ ಆಟದ ಚೀಲ ಹೊರುವ ಸಹಾಯಕರಾಗಿ, ಓಡಾಡುವುದು ಕಣ್ಣಿಗೆ ಹಬ್ಬವೇ ಸರಿ. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುವವರು ಬುಧವಾರವನ್ನೇ ಆರಿಸಿಕೊಳ್ಳಲಿ. ಆದರೆ ದೊಡ್ಡ ಮೈದಾನದ ಮೇಲಿನ ತಾಲೀಮು ಆ ದಿನ ಮಧ್ಯಾಹ್ನದ ಹೊತ್ತಿಗೆ ತೆಳುವಾಗುತ್ತದೆ, ಮತ್ತು ನಾವು ಅಷ್ಟು ದೂರ ಹೋಗುವುದು ಆ ತಾಲೀಮನ್ನು ನೋಡುವುದಕ್ಕೆ.

ಮೈದಾನದೊಳಗೆ ಮೊಬೈಲ್ ಫೋನ್ ಸಂಪೂರ್ಣ ನಿಷಿದ್ಧ. ಕಾರಿನಲ್ಲೇ ಬಿಟ್ಟು ಬರಬೇಕು. ಇದನ್ನು ತಿಳಿದಿದ್ದೂ ನಾವು ಸರಿಯಾಗಿ ಸಿದ್ಧರಾಗಿರಲಿಲ್ಲ. ಎಂಟನೇ ಹೋಲಿನ ಏರಿನಲ್ಲಿ ಜನರ ನಡುವೆ ನಾನೂ ನನ್ನ ಪತ್ನಿಯೂ ಬೇರೆಬೇರೆಯಾದೆವು. ಪ್ರೇಕ್ಷಕರಿಗಾಗಿ ಅಲ್ಲಲ್ಲಿ ಉಚಿತ ದೂರವಾಣಿಗಳನ್ನು ಇಟ್ಟಿರುತ್ತಾರೆ. ಅದರ ಮುಂದೆ ನಿಂತಾಗ ಮಗಳ ಸಂಖ್ಯೆ ನನಗೆ ಬಾಯಿಪಾಠವಿಲ್ಲವೆಂಬುದು ಗೊತ್ತಾಯಿತು. ಒಂದೂವರೆ ಗಂಟೆ ಕಳೆದ ಮೇಲೆ ನನ್ನ ಪತ್ನಿ ಕ್ಲಬ್ ಕಟ್ಟಡದ ಹಿಂದಿನ ದೊಡ್ಡ ಓಕ್ ಮರದ ಕೆಳಗೆ ಸಿಕ್ಕಳು. ಆ ಒಂದೂವರೆ ಗಂಟೆ ಅವಳು ಪಟ್ಟ ಆತಂಕವನ್ನು ನೆನೆದರೆ ಈಗಲೂ ನನಗೆ ನೋವಾಗುತ್ತದೆ. ನೀವು ಎರಡು ಕೆಲಸ ಮಾಡಿ: ಪ್ರತಿಯೊಬ್ಬರ ಜೇಬಿನಲ್ಲೂ ಮನೆಯವರ ಸಂಖ್ಯೆಗಳನ್ನು ಬರೆದ ಚೀಟಿ ಇಡಿ, ಒಳಗೆ ಕಾಲಿಟ್ಟ ಕೂಡಲೇ ಒಂದು ಜಾಗವನ್ನೂ, ಪ್ರತಿ ಎರಡು ಗಂಟೆಗೊಮ್ಮೆ ಅಲ್ಲಿ ಸೇರುವ ಸಮಯವನ್ನೂ ಗೊತ್ತುಮಾಡಿಕೊಳ್ಳಿ. ಕೈಗೆ ಸಾದಾ ಗಡಿಯಾರ ಕಟ್ಟಿಕೊಳ್ಳಿ.

ಫೋನ್ ಇಲ್ಲದಿದ್ದರೂ ಕ್ಯಾಮೆರಾ ಒಯ್ಯಬಹುದು, ಅದೂ ಈ ಮೂರು ತಾಲೀಮಿನ ದಿನಗಳಲ್ಲಿ ಮಾತ್ರ. ಬೀರುವಿನಲ್ಲಿ ಮಲಗಿರುವ ಹಳೆಯ ಡಿಜಿಟಲ್ ಕ್ಯಾಮೆರಾವನ್ನು ಹೊರತೆಗೆದು, ಬ್ಯಾಟರಿ ಚಾರ್ಜ್ ಆಗುತ್ತದೆಯೇ ಎಂದು ಊರಿನಲ್ಲೇ ನೋಡಿಕೊಳ್ಳಿ. ಮಂಡಗದ್ದೆಯಲ್ಲಿ ಹಕ್ಕಿ ನೋಡಲು ಬಳಸುವ ಬೈನಾಕ್ಯುಲರ್ ಇದ್ದರೆ ಅದನ್ನು ಖಂಡಿತ ಒಯ್ಯಿರಿ. ನನ್ನ ಸಾಮಾನಿನಲ್ಲಿ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಮತ್ತೊಂದಿಲ್ಲ. ಚೀಲ ಚಿಕ್ಕದಾಗಿರಬೇಕು, ಹೊರಗಿನ ತಿಂಡಿಗೆ ಪ್ರವೇಶವಿಲ್ಲ. ಬೆಳಿಗ್ಗೆ ನಮ್ಮ ಡಿಸೆಂಬರಿನಷ್ಟು ಚಳಿ, ಮಧ್ಯಾಹ್ನ ಬೆವರುವಷ್ಟು ಬಿಸಿಲು, ನಡುವೆ ಗುಡುಗುಮಳೆಯೂ ಬರಬಹುದು. ಪೈನ್ ಮರಗಳ ಹಳದಿ ಪರಾಗ ಆ ತಿಂಗಳಲ್ಲಿ ಎಲ್ಲದರ ಮೇಲೂ ಕೂರುವುದರಿಂದ ಉಬ್ಬಸ, ಅಲರ್ಜಿ ಇರುವವರು ಔಷಧಿ ಮರೆಯಬಾರದು.

ಟಿ.ವಿ.ಯಲ್ಲಿ ಸಮತಟ್ಟಾಗಿ ಕಾಣುವ ಆ ಮೈದಾನ ನಿಜದಲ್ಲಿ ಗುಡ್ಡದ ಇಳಿಜಾರು. ಹತ್ತನೇ ಹೋಲ್ ಒಂದೇ 100 ಅಡಿಗೂ ಹೆಚ್ಚು ಇಳಿಯುತ್ತದೆ. ಮನೆಯಿಂದ ಅಡಿಕೆ ತೋಟಕ್ಕೆ ಇಳಿದುಹೋಗಿ ಮತ್ತೆ ಹತ್ತಿ ಬರುವವರಿಗೆ ಇದರ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಇಳಿಯುವ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ, ಹತ್ತುವಾಗ ಅಲ್ಲಲ್ಲಿ ಕೂತು ಬನ್ನಿ. ಹೊಸ ಬೂಟು ಹಾಕಿಕೊಂಡು ಹೋಗಬೇಡಿ. ಒಳಗೆ ಓಡುವುದನ್ನು ನಿಷೇಧಿಸಿದ್ದಾರೆ, ಅದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಈ ಜಾಗ ಹಿಂದೆ ದೊಡ್ಡ ನರ್ಸರಿಯಾಗಿತ್ತು, ಹಾಗಾಗಿ ಹದಿನೆಂಟು ಹೋಲ್‌ಗಳಿಗೂ ಗಿಡಮರಗಳ ಹೆಸರು: ಹತ್ತು ಕ್ಯಾಮೆಲಿಯಾ, ಹದಿಮೂರು ಅಜೇಲಿಯಾ. ಅಂಗಳದಲ್ಲಿ ಡೇರೆ ಹೂ ಬೆಳೆಸಿ ವರ್ಷವರ್ಷವೂ ಗೆಡ್ಡೆ ಕಾಪಾಡುವ ನನ್ನ ಪತ್ನಿಗೆ ಆಟಕ್ಕಿಂತ ಹದಿಮೂರನೇ ಹೋಲಿನ ಹಿಂದಿನ ಅಜೇಲಿಯಾ ಸಾಲೇ ಹೆಚ್ಚು ನೆನಪಿನಲ್ಲಿದೆ.

ಇನ್ನು ಎಲ್ಲಿ ಕೂರಬೇಕು, ಏನನ್ನು ನೋಡಬೇಕು ಎಂಬ ಮುಖ್ಯ ವಿಷಯ. ಮೊದಲ ಸಲ ಹೋದವರು ಹೆಸರಾಂತ ಆಟಗಾರನೊಬ್ಬನ ಹಿಂದೆ ಗುಂಪಿನಲ್ಲಿ ಹೋಲಿನಿಂದ ಹೋಲಿಗೆ ನಡೆಯುತ್ತಾರೆ. ಮುಂದಿರುವವರ ಬೆನ್ನಲ್ಲದೆ ಬೇರೇನೂ ಕಾಣುವುದಿಲ್ಲ. ತಾಲೀಮಿನ ದಿನ ಅಂಕವಿಲ್ಲ, ಸೋಲುಗೆಲುವಿಲ್ಲ. ಆಟಗಾರರು ತಮಗೆ ಬೇಕಾದ ಹೊತ್ತಿಗೆ ಬಂದು, ಬೇಕಾದಷ್ಟು ಹೋಲ್ ಆಡಿ ಹೋಗುತ್ತಾರೆ. ಅವರ ನಿಜವಾದ ಕೆಲಸ ನಡೆಯುವುದು ಗ್ರೀನಿನ ಮೇಲೆ, ಅಂದರೆ ಕುಳಿಯಿರುವ ನುಣುಪಾದ ಹುಲ್ಲುಹಾಸಿನ ಮೇಲೆ, ಮತ್ತು ಅದರ ಸುತ್ತ. ಆದ್ದರಿಂದ ಒಂದು ಗ್ರೀನಿನ ಪಕ್ಕ ಕಾಣುವ ಜಾಗ ಹಿಡಿದು, ಎರಡು ಗಂಟೆ ಅಲುಗಾಡದೆ ಕೂತುಕೊಳ್ಳಿ. ಒಂದೇ ಸಮಸ್ಯೆಯನ್ನು ಹತ್ತು ಜನ ಹತ್ತು ರೀತಿಯಲ್ಲಿ ಬಿಡಿಸುವುದನ್ನು ನೀವು ಕಾಣುತ್ತೀರಿ. ಯಾರು ಬಂದರೆಂದು ತಿಳಿಯಲು ಕ್ಯಾಡಿಯ ಬಿಳಿ ಉಡುಪಿನ ಬೆನ್ನು ನೋಡಿ, ಅಲ್ಲಿ ಆಟಗಾರನ ಹೆಸರಿರುತ್ತದೆ.

ನಾನು ಹಾಗೆ ಕೂತದ್ದು ಹದಿನಾರನೇ ಹೋಲಿನಲ್ಲಿ. ಪಂದ್ಯದ ಕೊನೆಯ ದಿನ ಇಲ್ಲಿ ಕುಳಿಯನ್ನು ತೋರಿಸುವ ಧ್ವಜವನ್ನು ರೂಢಿಯಂತೆ ಗ್ರೀನಿನ ಎಡಭಾಗದ ತಗ್ಗಿನಲ್ಲಿ ನೆಡುತ್ತಾರೆ. ಆ ದಿನ ಧ್ವಜ ಬೇರೆಲ್ಲೋ ಇತ್ತು, ಆದರೆ ಕ್ಯಾಡಿಯೊಬ್ಬ ಬಂದು ಆ ತಗ್ಗಿನಲ್ಲಿ ಕುಳಿಯ ಬದಲಿಗೆ ಬಾಟಲಿ ಮುಚ್ಚಳದಷ್ಟು ಅಗಲದ ಬಿಳಿಯ ಬಿಲ್ಲೆಯೊಂದನ್ನು ಇಟ್ಟ. ಆಟಗಾರ ಗ್ರೀನಿನ ಬಲ ಅಂಚಿನಿಂದ ಚೆಂಡನ್ನು ಬಿಲ್ಲೆಯ ಕಡೆಗಲ್ಲದೆ, ಅದಕ್ಕಿಂತ ಎಷ್ಟೋ ಮೇಲಕ್ಕೆ ತಳ್ಳಿದ. ಚೆಂಡು ದಿಬ್ಬದ ಮೇಲೆ ನಿಂತೇಬಿಟ್ಟಿತು ಎನ್ನುವಷ್ಟರಲ್ಲಿ ನಿಧಾನವಾಗಿ ಎಡಕ್ಕೆ ಹೊರಳಿ, ಕೆಸುವಿನ ಎಲೆಯ ಮೇಲಿನ ನೀರಹನಿಯ ಹಾಗೆ ಜಾರುತ್ತ ಬಂದು ಬಿಲ್ಲೆಯಿಂದ ಗೇಣು ದೂರದಲ್ಲಿ ನಿಂತಿತು. ಅವನು ತಲೆಯಾಡಿಸಲಿಲ್ಲ, ನಗಲೂ ಇಲ್ಲ. ಎರಡು ಹೆಜ್ಜೆ ಸರಿದು ಮತ್ತೆ ಆಡಿದ, ಮತ್ತೆ ಎರಡು ಹೆಜ್ಜೆ ಸರಿದ. ಕ್ಯಾಡಿ ಪ್ರತಿ ಸಲವೂ ಪುಸ್ತಕದಲ್ಲಿ ಏನನ್ನೋ ಗುರುತು ಹಾಕಿಕೊಳ್ಳುತ್ತಿದ್ದ. ಭಾನುವಾರ ಮಗಳ ಮನೆಯಲ್ಲಿ ಟಿ.ವಿ. ಮುಂದೆ ಕೂತಾಗ, ಅದೇ ಇಳಿಜಾರಿನಲ್ಲಿ ಚೆಂಡು ಎತ್ತ ಹೊರಳುತ್ತದೆಂದು ವೀಕ್ಷಕ ವಿವರಣೆಗಾರರಿಗಿಂತ ಮೊದಲೇ ನಮಗೆ ಗೊತ್ತಿತ್ತು.

ಹದಿನಾರರಲ್ಲೇ ಇನ್ನೊಂದು ಸಂತೋಷವಿದೆ. ತಾಲೀಮಿನ ದಿನ ಜನರು ಒತ್ತಾಯಿಸಿ ಕೂಗಿದಾಗ ಆಟಗಾರರು ಕೆರೆಯ ನೀರಿನ ಮೇಲೆ ಚೆಂಡನ್ನು ಕಪ್ಪೆ ಹಾರಿದಂತೆ ಪುಟಿಸಿ ಗ್ರೀನಿಗೆ ದಾಟಿಸಲು ನೋಡುತ್ತಾರೆ. ತುಂಗೆಯ ದಂಡೆಯಲ್ಲಿ ಚಪ್ಪಟೆ ಕಲ್ಲು ಬೀಸಿ ಬೆಳೆದ ನಮಗೆ ಆ ಆಟ ಕೂಡಲೇ ಅರ್ಥವಾಗುತ್ತದೆ.

ಎರಡನೆಯ ಜಾಗ ಹನ್ನೆರಡನೇ ಹೋಲ್, ಆಮೆನ್ ಕಾರ್ನರ್ ಎಂದು ಕರೆಯುವ ತಗ್ಗಿನ ನಡುಭಾಗ. ಕೇವಲ 155 ಗಜ ದೂರ, ಆದರೆ ಮುಂದೆ ಹೊಳೆ, ಮರಗಳ ನಡುವೆ ಸುಳಿಯುವ ಗಾಳಿ. 2016ರಲ್ಲಿ ಮುನ್ನಡೆಯಲ್ಲಿದ್ದ ಜೋರ್ಡನ್ ಸ್ಪೀತ್ ಇಲ್ಲಿ ಎರಡು ಚೆಂಡುಗಳನ್ನು ನೀರಿಗೆ ಹಾಕಿ ಮೂರರಲ್ಲಿ ಮುಗಿಯಬೇಕಾದಲ್ಲಿ ಏಳು ಹೊಡೆತ ತೆಗೆದುಕೊಂಡು ಪಂದ್ಯ ಕಳೆದುಕೊಂಡರು. ಪ್ರೇಕ್ಷಕರು ಮೊದಲ ಹೊಡೆತ ಹೊಡೆಯುವ ಟೀ ಜಾಗದ ಹಿಂದೆಯೇ ನಿಲ್ಲಬೇಕು. ಇಲ್ಲಿ ಚೆಂಡಿಗಿಂತ ಆಟಗಾರನ ಕಣ್ಣನ್ನು ಗಮನಿಸಿ: ಹೊಡೆಯುವ ಮೊದಲು ಅವನು ಮರದ ತುದಿಗಳನ್ನೂ ಪಕ್ಕದ ಹನ್ನೊಂದನೇ ಹೋಲಿನ ಧ್ವಜವನ್ನೂ ಎಷ್ಟು ಹೊತ್ತು ನೋಡುತ್ತಾನೆಂದು.

ಹಸ್ತಾಕ್ಷರ ಬೇಕಾದವರು ಆಟದ ಜಾಗದಲ್ಲಿ ಕೇಳಬಾರದು. ತಾಲೀಮಿನ ದಿನಗಳಲ್ಲಿ ಅಭ್ಯಾಸದ ಅಂಗಳದ ಕಡೆ ಅದಕ್ಕೆಂದೇ ಗುರುತಿಸಿದ ಜಾಗವಿದೆ. ಯಾರಾದರೂ ಚೆಂಡಿನ ಮುಂದೆ ನಿಂತರೆ ಮಾತನ್ನೂ ಕ್ಯಾಮೆರಾವನ್ನೂ ನಿಲ್ಲಿಸಿ. ತಾಲೀಮೆಂದು ಸಡಿಲ ಬಿಡುವುದು ಅವರ ಕೆಲಸಕ್ಕೆ ತೋರಿಸುವ ಅಗೌರವ.

ಊಟ ಅಗ್ಗ. ಪಿಮೆಂಟೋ ಚೀಸ್ ಸ್ಯಾಂಡ್‌ವಿಚ್ ಒಂದೂವರೆ ಡಾಲರ್. ಮಾಂಸವಿಲ್ಲ, ಆದರೆ ಅದರಲ್ಲಿರುವ ಮಯೊನೇಸ್‌ನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಮೊಟ್ಟೆ ಮುಟ್ಟದವರು ಬೆಳಿಗ್ಗೆ ಕಾರಿನಲ್ಲೇ ಅವಲಕ್ಕಿಯನ್ನೋ ಚಪಾತಿಯನ್ನೋ ಹೊಟ್ಟೆ ತುಂಬ ತಿಂದು ಒಳಗೆ ಹೋಗುವುದು ವಾಸಿ. ಟೋಪಿ, ಅಂಗಿ ಕೊಳ್ಳುವವರು ಅಂಗಡಿಯ ಸಾಲಿಗೆ ಬೆಳಿಗ್ಗೆಯ ಒಳ್ಳೆಯ ಹೊತ್ತನ್ನು ಕೊಡಬೇಡಿ.

ಮಕ್ಕಳು ಇಂಗ್ಲೆಂಡ್ ಅಥವಾ ಸ್ಕಾಟ್ಲೆಂಡಿನಲ್ಲಿದ್ದರೆ ಜುಲೈ ತಿಂಗಳ ದಿ ಓಪನ್ ಪಂದ್ಯಾವಳಿಯ ತಾಲೀಮಿಗೆ ಹೋಗಬಹುದು. ಅಲ್ಲಿ ಫೋನನ್ನು ಸದ್ದಿಲ್ಲದೆ ಇಟ್ಟುಕೊಳ್ಳಲು ಅವಕಾಶವಿದೆ, ದೊಡ್ಡವರ ಜೊತೆ ಬರುವ 16ರೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ಸಮುದ್ರದ ಗಾಳಿಯೊಡನೆ ಅಡ್ಡಲಾಗಿ ಬೀಸುವ ಮಳೆಗೆ ಕೊಡೆ ನಿಲ್ಲುವುದಿಲ್ಲ. ಆಗುಂಬೆಯ ಆಷಾಢಕ್ಕೆ ಹೊರಡುವಂತೆ ತಲೆಯಿಂದ ಮೊಣಕಾಲಿನವರೆಗೆ ಮುಚ್ಚುವ ಮಳೆಯಂಗಿಯನ್ನೇ ಒಯ್ಯಬೇಕು.